ವಿದ್ಯಾರ್ಥಿವೇತನ ತಿರಸ್ಕೃತವಾದರೆ ಮೇಲ್ಮನವಿ ಯಾರಿಗೆ?



ರಾಜ್ಯದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಅರ್ಜಿಗಳು ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್, ಅಂದರೆ ಎಸ್‌ಎಸ್‌ಪಿ ಮೂಲಕ ಹೋಗುತ್ತವೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಹೀಗೆ ಇಲಾಖೆಗಳು ಹಲವಾದರೂ ಬಾಗಿಲು ಒಂದೇ. ಅರ್ಜಿಯಲ್ಲಿ ಆಧಾರ್ ವಿವರ, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ, ನಾಡಕಚೇರಿ ಕೊಟ್ಟ ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಕಾಲೇಜಿನ ಪ್ರವೇಶ ವಿವರ ಇರಬೇಕು. ದಾಖಲೆಗಳಿಗೆ ಇ-ದೃಢೀಕರಣ ಆಗಬೇಕು, ಇಲಾಖೆ ಮಂಜೂರು ಮಾಡಬೇಕು, ಆಮೇಲೆ ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಬೀಳಬೇಕು. ಇದರಲ್ಲಿ ಯಾವ ಕೊಂಡಿ ಕಳಚಿದರೂ ನಷ್ಟ ವಿದ್ಯಾರ್ಥಿಯದೇ.

ಕೊಂಡಿ ಕಳಚುವ ಕಾರಣಗಳು ಎರಡು ಬಗೆಯವು. ಮೊದಲನೆಯದು ಕಾಗದದ ತಪ್ಪು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಕಾಲೇಜು ತುಂಬಿದ ಕೋರ್ಸಿನ ಹೆಸರು ವಿಶ್ವವಿದ್ಯಾಲಯದ ದಾಖಲೆಗೆ ಹೊಂದುವುದಿಲ್ಲ. ಬ್ಯಾಂಕ್ ಖಾತೆ ಇದ್ದರೂ ಆಧಾರ್ ಸೀಡಿಂಗ್ ಆಗಿರುವುದಿಲ್ಲ. ಇಂಥವನ್ನು ಅಲೆದಾಡಿಯಾದರೂ ಸರಿಪಡಿಸಿಕೊಳ್ಳಬಹುದು.

ಎರಡನೆಯದು ಆದಾಯದ್ದು, ನಿಜವಾದ ಅನ್ಯಾಯ ಇರುವುದು ಇಲ್ಲಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕೇಂದ್ರ ಯೋಜನೆಗಳಲ್ಲಿ ಪೋಷಕರ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಈ ಆದಾಯ ಎಷ್ಟೆಂದು ಹೇಳುವುದು ತಹಶೀಲ್ದಾರರ ಪ್ರಮಾಣಪತ್ರ. ಕರ್ನಾಟಕದಲ್ಲಿ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷಗಳ ಮಾನ್ಯತೆ ಇದೆ. ಬಡ ಕುಟುಂಬದ ಆದಾಯ ಐದು ವರ್ಷ ಒಂದೇ ಸಮನಾಗಿ ನಿಲ್ಲುವಂಥದ್ದಲ್ಲ. ದುಡಿಯುವ ತಂದೆ ತೀರಿಕೊಳ್ಳಬಹುದು, ಗಾರ್ಮೆಂಟ್ ಕಾರ್ಖಾನೆ ಮುಚ್ಚಿ ತಾಯಿಯ ಕೆಲಸ ಹೋಗಬಹುದು, ಮಳೆ ಕೈಕೊಟ್ಟು ರಾಗಿ ಒಣಗಬಹುದು. ಪಿಯುಸಿ ಸೇರುವಾಗ ಬರೆಸಿದ ಅಂಕಿ ಪದವಿಯ ಎರಡನೇ ವರ್ಷದಲ್ಲಿ ಆ ಮನೆಯ ಒಲೆಯ ಸ್ಥಿತಿಯನ್ನು ಹೇಳುವುದಿಲ್ಲ. ಆದರೂ ತಂತ್ರಾಂಶ ಓದುವುದು ಆ ಹಳೆಯ ಅಂಕಿಯನ್ನೇ.

ಪ್ರಮಾಣಪತ್ರದ ಹಂತದಲ್ಲಿ ಕಾನೂನು ದಾರಿ ತೋರಿಸಿದೆ. 1990ರ ಮೀಸಲಾತಿ ಕಾಯ್ದೆಯ 4ಎ ಕಲಮಿನಡಿ ತಹಶೀಲ್ದಾರರು ಹೊರಡಿಸಿದ ಆದೇಶ ಒಪ್ಪಿಗೆಯಾಗದಿದ್ದರೆ, 4ಬಿ ಕಲಮಿನಂತೆ 30 ದಿನಗಳೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅಧಿಕಾರಿ ಯಾರು, ಅವಧಿ ಎಷ್ಟು ಎರಡೂ ಕಾಯ್ದೆಯಲ್ಲೇ ಇವೆ. 2011ರ ಸಕಾಲ ಕಾಯ್ದೆಯೂ ಹಾಗೆಯೇ: ನಿಗದಿತ ದಿನಗಳಲ್ಲಿ ಸೇವೆ ಸಿಗದಿದ್ದರೆ ಒಂದರ ಮೇಲೊಂದು ಎರಡು ಮೇಲ್ಮನವಿ, ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು, ಆದರೆ ತಡ ಮಾಡಿದ್ದಕ್ಕೆ ಉತ್ತರ ಕೊಡಬೇಕಾದವರು ಯಾರೆಂಬುದು ಸ್ಪಷ್ಟ.

ವಿದ್ಯಾರ್ಥಿವೇತನ ತಿರಸ್ಕೃತವಾದಾಗ ಈ ಸ್ಪಷ್ಟತೆ ಕಾಣುವುದಿಲ್ಲ. ವಿದ್ಯಾರ್ಥಿಗೆ ಸಿಗುವುದು ಪರದೆಯ ಮೇಲಿನ ಒಂದು ಸಾಲು. ಸಹಾಯವಾಣಿ ಇದೆ, ಆದರೆ ಆದೇಶ ಬದಲಿಸುವ ಅಧಿಕಾರ ಸಹಾಯವಾಣಿಗಿಲ್ಲ. ಕಾಲೇಜಿನ ಗುಮಾಸ್ತರು ತಾಲ್ಲೂಕು ಕಚೇರಿಗೆ ಕಳಿಸುತ್ತಾರೆ, ಅಲ್ಲಿಂದ ಜಿಲ್ಲಾ ಕಚೇರಿಗೆ, ಮತ್ತೆ ಕಾಲೇಜಿಗೆ. ಹಳ್ಳಿಯಿಂದ ಬರುವ ಹುಡುಗಿಗೆ ಪ್ರತಿ ಸುತ್ತಿಗೂ ಒಂದು ದಿನದ ತರಗತಿ, ಮನೆಯವರೊಬ್ಬರ ಒಂದು ದಿನದ ಕೂಲಿ ಹೋಗುತ್ತದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕಾರಣ ಕೇಳಬಹುದು, 30 ದಿನದಲ್ಲಿ ಉತ್ತರ ಬರಬೇಕು. ಅಷ್ಟರಲ್ಲಿ ಪರೀಕ್ಷಾ ಶುಲ್ಕದ ಕೊನೆಯ ದಿನ ದಾಟಿರುತ್ತದೆ. ಮಾಹಿತಿ ಸಿಕ್ಕರೂ ಅದು ಹಣವಲ್ಲ.

ಹತ್ತಿರದಲ್ಲಿ ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ದೇಶ ನೋಡಿತು. ಅದು ವಿದ್ಯಾರ್ಥಿವೇತನದ ಪ್ರಕರಣವಲ್ಲ, ಪ್ರವೇಶ ಶುಲ್ಕದ್ದು. ಉತ್ತರ ಪ್ರದೇಶದ ದಿನಗೂಲಿಯೊಬ್ಬರ ಮಗನಿಗೆ ಐಐಟಿ ಧನಬಾದ್‌ನಲ್ಲಿ ಸೀಟು ಸಿಕ್ಕಿತ್ತು. 17,500 ರೂಪಾಯಿ ಶುಲ್ಕವನ್ನು ಗಡುವಿನೊಳಗೆ ಕಟ್ಟಲಾಗದೆ ಅದು ಕೈತಪ್ಪಿತು. ಹಲವು ಬಾಗಿಲು ತಟ್ಟಿದ ಮೇಲೆ ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ ಪ್ರವೇಶ ಕೊಡಿಸಿತು. ಒಂದು ಕಚೇರಿಯ ಒಬ್ಬ ಅಧಿಕಾರಿ ವಾರದೊಳಗೆ ಬಗೆಹರಿಸಬಹುದಾಗಿದ್ದ ವಿಷಯಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು. ದೆಹಲಿಯವರೆಗೆ ಹೋಗಲಾರದ ಮಕ್ಕಳೇ ಹೆಚ್ಚು.

ಬದಲಾದ ಆದಾಯವನ್ನು ಪರಿಗಣಿಸುವುದು ಅಸಾಧ್ಯವೂ ಅಲ್ಲ. ಅಮೆರಿಕದಲ್ಲಿ ಕಾಲೇಜು ಸಹಾಯಧನವನ್ನು ಎರಡು ವರ್ಷ ಹಿಂದಿನ ತೆರಿಗೆ ವಿವರದ ಮೇಲೆ ಲೆಕ್ಕ ಹಾಕುತ್ತಾರೆ. ಆದರೆ ಪೋಷಕರ ಕೆಲಸ ಹೋದರೆ, ಚಿಕಿತ್ಸೆಯ ಖರ್ಚು ಮೇಲೆ ಬಿದ್ದರೆ, ದಾಖಲೆ ನೋಡಿ ಆ ಲೆಕ್ಕವನ್ನು ತಿದ್ದುವ ಅಧಿಕಾರವನ್ನು ಅಲ್ಲಿನ ಕಾನೂನು ಕಾಲೇಜಿನ ಸಹಾಯಧನ ಅಧಿಕಾರಿಗೇ ಕೊಟ್ಟಿದೆ. ಅಲ್ಲಿಯೂ ಕೊರತೆಯಿದೆ: ಆ ಅಧಿಕಾರಿಯ ತೀರ್ಮಾನದ ಮೇಲೆ ಶಿಕ್ಷಣ ಇಲಾಖೆಗೆ ಮೇಲ್ಮನವಿ ಇಲ್ಲ. ಇಲ್ಲಿ ಆ ಅಧಿಕಾರವನ್ನು ಕಾಲೇಜಿಗಿಂತ ತಾಲ್ಲೂಕು ಮಟ್ಟದ ಕಲ್ಯಾಣಾಧಿಕಾರಿಗೆ ಕೊಡುವುದು ಒಳ್ಳೆಯದು. ಖಾಸಗಿ ಕಾಲೇಜಿಗೆ ಶುಲ್ಕದಲ್ಲಿ ಸ್ವಂತ ಹಿತ ಇರುತ್ತದೆ.

ಇದಕ್ಕೆ ಹೊಸ ತಂತ್ರಾಂಶ ಬೇಡ, ಇಲಾಖೆಗಳ ಒಂದು ಜಂಟಿ ಆದೇಶ ಸಾಕು. ತಿರಸ್ಕರಿಸಿದ ಪ್ರತಿ ಅರ್ಜಿಗೂ ಕಾರಣವನ್ನು ಕನ್ನಡದಲ್ಲಿ, ಯಾವ ದಾಖಲೆಯಲ್ಲಿ ಏನು ತಪ್ಪು ಎಂದು ಬಿಡಿಸಿ ಬರೆಯಬೇಕು. ಅದರ ಕೆಳಗೇ ಮೇಲ್ಮನವಿ ಕೇಳುವ ಅಧಿಕಾರಿಯ ಹುದ್ದೆ, ಕಚೇರಿಯ ವಿಳಾಸ, ಕೊನೆಯ ದಿನಾಂಕ ಇರಬೇಕು. ಮರಣ ಪ್ರಮಾಣಪತ್ರ, ಕೆಲಸದಿಂದ ಬಿಡುಗಡೆಯ ಪತ್ರ, ಸರ್ಕಾರವೇ ಹೊರಡಿಸಿದ ಬರಪೀಡಿತ ತಾಲ್ಲೂಕಿನ ಘೋಷಣೆ ಇವುಗಳಲ್ಲಿ ಒಂದಿದ್ದರೆ ಆದಾಯವನ್ನು ಮರುಪರಿಶೀಲಿಸಬೇಕು. ಮೇಲ್ಮನವಿ ಇತ್ಯರ್ಥವಾಗುವವರೆಗೆ ಶುಲ್ಕ ಬಾಕಿಯ ಹೆಸರಿನಲ್ಲಿ ಹಾಲ್‌ಟಿಕೆಟ್ ತಡೆಹಿಡಿಯಕೂಡದು.

ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾದದ್ದು 1944ರಲ್ಲಿ. ಎಂಟು ದಶಕ ಕಂಡ ಯೋಜನೆಯಲ್ಲಿ ‘ಇಲ್ಲ’ ಎನ್ನಿಸಿಕೊಂಡ ವಿದ್ಯಾರ್ಥಿ ಮುಂದೆ ಯಾರ ಬಳಿ ಹೋಗಬೇಕೆಂದು ತಿಳಿಸುವ ಆದೇಶವನ್ನು ಸಮಾಜ ಕಲ್ಯಾಣ ಇಲಾಖೆ ಮುಂದಿನ ಅರ್ಜಿ ಸುತ್ತು ತೆರೆಯುವ ಮೊದಲೇ ಹೊರಡಿಸಬೇಕು.