ಕಲ್ಯಾಣದ ಚಿತ್ರವಿದ್ಯೆಯೂ ಇಂದಿನ ಜೀರ್ಣೋದ್ಧಾರವೂ

ಹೊಸ ಗುಡಿಯೊಂದನ್ನು ಕಟ್ಟಿಸುವುದಕ್ಕಿಂತ ಬೀಳುತ್ತಿರುವ ಹಳೆಯ ಗುಡಿಯನ್ನು ಎತ್ತಿ ನಿಲ್ಲಿಸುವುದರ ಫಲವು ಹೆಚ್ಚಿನದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆ ನಂಬಿಕೆಯು ನಮ್ಮ ಜನರಲ್ಲಿ ಇಂದಿಗೂ ಅಳಿದಿಲ್ಲ. ನಾವೂ ಅದನ್ನು ಗೌರವಿಸುವೆವು. ಆದರೆ ಈ ಪುಣ್ಯದ ಹೆಸರಿನಲ್ಲಿಯೇ ನಾಡಿನ ಹಲವು ಗುಡಿ, ಮಠ, ಬಸದಿ, ದರ್ಗಾಗಳಲ್ಲಿ ಈಗ ನಡೆಯುತ್ತಿರುವುದೇನು? ಹಳೆಯ ಗಚ್ಚಿನ ಮೇಲೆ ಎಣ್ಣೆಬಣ್ಣ, ಕೆತ್ತನೆಯ ಕಂಬಗಳ ಮೇಲೆ ಪೇಂಟು, ಚಿತ್ರ ಬರೆದ ಗೋಡೆಯ ಮೇಲೆ ಸುಣ್ಣ, ಸೋರುವ ಮಾಳಿಗೆಯ ಮೇಲೆ ಸಿಮೆಂಟು! ದಾನಿಗಳ ಹೆಸರಿನ ಫಲಕವನ್ನು ನಿಲ್ಲಿಸುವ ಹೊತ್ತಿಗೆ ಉದ್ಧಾರವಾಗಬೇಕಾಗಿದ್ದ ವಸ್ತುವೇ ಕಾಣದಾಗಿರುವುದು. ಇದು ಸಮಸ್ತ ಕರ್ನಾಟಕದ ದುರವಸ್ಥೆಯಾದರೂ, ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ಮಹಾಜನರ ಮುಂದೆ ಇದನ್ನು ವಿಶೇಷವಾಗಿ ಇಡುವುದಕ್ಕೆ ಕಾರಣವುಂಟು.

ಗೋಡೆಯ ಮೇಲೆ ಚಿತ್ರವನ್ನು ಹೇಗೆ ಬರೆಯಬೇಕೆಂಬ ಶಾಸ್ತ್ರವನ್ನು ಗ್ರಂಥಸ್ಥ ಮಾಡಿದ ದೊರೆಯು ಆಳಿದ ಪಟ್ಟಣವೇ ಇಂದಿನ ಬಸವಕಲ್ಯಾಣ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು 1126ರಿಂದ 1138ರ ವರೆಗೆ ಕಲ್ಯಾಣದಿಂದ ರಾಜ್ಯವಾಳಿದನು. 1129ರ ಸುಮಾರಿಗೆ ಅವನಿಂದ ರಚಿತವಾದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ಯೆಂಬುದು ಇನ್ನೊಂದು ಹೆಸರು. ಇಪ್ಪತ್ತು ಅಧ್ಯಾಯಗಳಂತೆ ಐದು ವಿಂಶತಿಗಳಿರುವ ಈ ಸಂಸ್ಕೃತ ಗ್ರಂಥದಲ್ಲಿ ರಾಜನೀತಿ, ವೈದ್ಯ, ಪಾಕ, ಸಂಗೀತ ಮೊದಲಾದ ವಿಷಯಗಳ ನಡುವೆ ಚಿತ್ರಕರ್ಮಕ್ಕೂ ಸ್ಥಾನವು ದೊರೆತಿರುವುದು. ನೂರಾರು ವರ್ಷ ಓಲೆಗಳಲ್ಲಿ ಅಡಗಿದ್ದ ಇದರ ಮೊದಲ ಸಂಪುಟವು 1925ರಲ್ಲಿ ಬಡೋದೆಯಿಂದಲೂ, ಒಂದು ಭಾಗವು 1926ರಲ್ಲಿ ಮೈಸೂರಿನಿಂದಲೂ ಅಚ್ಚಾಗಿ ಹೊರಬಂದಿತು.

ಆ ಪ್ರಕರಣದಲ್ಲಿ ಹೇಳಿರುವುದು ಬರಿಯ ಸೌಂದರ್ಯದ ಮಾತಲ್ಲ, ಕೆಲಸಗಾರನಿಗೆ ಬೇಕಾದ ವಿಧಿ. ಮೊದಲು ಗೋಡೆಗೆ ಸುಣ್ಣದ ಗಚ್ಚನ್ನು ಹಾಕಿ ನುಣುಪು ಮಾಡಬೇಕು. ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತಾಗುವ ವರೆಗೆ ಕುದಿಸಿ, ಕಡ್ಡಿಗಳನ್ನು ಮಾಡಿ ಒಣಗಿಸಿದರೆ ವಜ್ರಲೇಪವೆಂಬ ಅಂಟು ಸಿದ್ಧವಾಗುವುದು. ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಬಿಳಿಯ ಮಣ್ಣಿನೊಡನೆ ಕಲಸಿ, ಒಂದು ಲೇಪವು ಒಣಗಿದ ಮೇಲೆ ಇನ್ನೊಂದರಂತೆ ಮೂರು ಸಲ ಗೋಡೆಗೆ ಬಳಿಯಬೇಕು. ಅನಂತರ ಶಂಖದ ಪುಡಿಯ ಲೇಪ. ರೇಖೆಯನ್ನು ಎಳೆಯುವುದಕ್ಕೆ ಕಾಡಿಗೆಯನ್ನೂ ಅನ್ನವನ್ನೂ ಅರೆದು ಮಾಡಿದ ಬತ್ತಿ. ಬಣ್ಣ ತುಂಬುವುದಕ್ಕೆ ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಅಂಟಿಸಿದ ಕುಂಚ. ಬಿಳಿಪಿಗೆ ಶಂಖ, ಹಳದಿಗೆ ಹರಿತಾಲ, ಕೆಂಪಿಗೆ ಇಂಗುಲಿಕ ಮತ್ತು ಕಾವಿಕಲ್ಲು, ಕಪ್ಪಿಗೆ ಕಾಡಿಗೆ. ಇಷ್ಟು ವಿವರವಾಗಿ ಬರೆದಿಟ್ಟ ದೊರೆಯು ಮುಂದಿನವರಿಗೆ ಇದರಿಂದ ಉಪಯೋಗವಾಗಲೆಂದೇ ಬರೆದಿರಬೇಕಲ್ಲವೆ?

ಹಳೆಯ ಚಿತ್ರಗಳನ್ನು ಉಳಿಸಹೊರಟವರಿಗೆ ಇದರ ಉಪಯೋಗವು ಪ್ರತ್ಯಕ್ಷವಾಗಿದೆ. ತೊಗಲಿನ ಅಂಟಿನಿಂದ ಹಿಡಿದಿರುವ ಬಣ್ಣವು ನೀರಿಗೆ ಬಿಡುವ ಬಣ್ಣ. ಉತ್ಸವದ ಮುನ್ನಾದಿನ ಭಕ್ತಿಯಿಂದ ಒದ್ದೆಬಟ್ಟೆಯನ್ನೂ ಸೋಡಾವನ್ನೂ ಹಿಡಿದು ಗೋಡೆಯನ್ನು ಉಜ್ಜುವವನು ಹೊಗೆಯ ಮಸಿಯೊಡನೆ ದೇವರ ಮುಖವನ್ನೂ ಒರೆಸಿಹಾಕುವನು. ಗಚ್ಚಿನ ಗೋಡೆಯು ಉಸಿರಾಡುವ ಗೋಡೆ. ಒಳಗಿನ ತೇವವು ಸಣ್ಣ ರಂಧ್ರಗಳ ಮೂಲಕ ಹೊರಹೋಗುತ್ತಿರುವುದು. ಅದರ ಮೇಲೆ ಎಣ್ಣೆಬಣ್ಣವನ್ನೋ ಸಿಮೆಂಟನ್ನೋ ಮೆತ್ತಿದರೆ ಆ ದಾರಿಯು ಮುಚ್ಚುವುದು; ನೀರಿನೊಡನೆ ಬಂದ ಉಪ್ಪು ಬಣ್ಣದ ಹಿಂದೆಯೇ ಹರಳುಗಟ್ಟಿ, ಚಿತ್ರವನ್ನು ಹೆಪ್ಪಳಿಕೆಗಳಾಗಿ ಉದುರಿಸುವುದು. ಆದುದರಿಂದ ಚಿತ್ರದ ಚಿಕಿತ್ಸೆಯು ಕುಂಚದಿಂದಲ್ಲ, ಮಾಳಿಗೆಯ ಸೋರಿಕೆಯನ್ನು ನಿಲ್ಲಿಸುವುದರಿಂದ ಆರಂಭವಾಗತಕ್ಕದ್ದು. ರೋಗಿಯ ದೇಹಪ್ರಕೃತಿಯನ್ನು ಅರಿಯದೆ ಔಷಧ ಕೊಡುವ ವೈದ್ಯನನ್ನು ನಾವು ಮನೆಯೊಳಗೆ ಬಿಡುವುದಿಲ್ಲ. ಗೋಡೆಯ ಪ್ರಕೃತಿಯನ್ನು ಅರಿಯದ ಗುತ್ತಿಗೆದಾರನಿಗೆ ಮಾತ್ರ ಗರ್ಭಗುಡಿಯ ಬಾಗಿಲನ್ನೇ ತೆರೆದುಕೊಡುವೆವು.

ನಮ್ಮ ಜಿಲ್ಲೆಯಲ್ಲಿ ಉಳಿಸತಕ್ಕ ಚಿತ್ರಗಳೆಲ್ಲಿವೆಯೆಂದು ಕೇಳುವವರು ಬೀದರಿನ ಪಕ್ಕದ ಅಷ್ಟೂರಿಗೆ ಒಮ್ಮೆ ಹೋಗಿಬರಬೇಕು. ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ತಂದ ಬಹಮನಿ ಸುಲ್ತಾನ ಒಂದನೆಯ ಅಹಮದಶಹನು 1436ರಲ್ಲಿ ತೀರಿಕೊಂಡನು. ಅವನ ಗೋರಿಯ ಗುಮ್ಮಟದ ಒಳಮೈಯಲ್ಲಿ ನೀಲ, ಕೆಂಪು, ಹಸುರುಗಳ ನಡುವೆ ಬಂಗಾರದ ಅಕ್ಷರಗಳೂ ಲತೆಗಳೂ ಇಂದಿಗೂ ಹೊಳೆಯುತ್ತಿರುವುವು. ಸೂಫಿ ಸಂತ ಶಹ ನಿಯಾಮತುಲ್ಲ ಕಿರ್ಮಾನಿಯ ಗುರುಪರಂಪರೆಯನ್ನು ಅಲ್ಲಿ ಬರೆಯಲಾಗಿದೆ. ಹೈದರಾಬಾದ ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯನ್ನು ನಡೆಸಿದ ಗುಲಾಮ ಯಜದಾನಿಯವರು ಬೀದರಿನ ಕಟ್ಟಡಗಳನ್ನು ಕುರಿತು 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಚಿತ್ರಗಳ ವರ್ಣನೆಯುಂಟು. ಇದೇ ಸುಲ್ತಾನನನ್ನು ನಮ್ಮ ಹಳ್ಳಿಗರು ಅಲ್ಲಮಪ್ರಭುವಿನ ಸ್ವರೂಪವೆಂದು ಭಾವಿಸುವರು. ವರ್ಷಕ್ಕೊಮ್ಮೆ ನಡೆಯುವ ಉರುಸಿಗೆ ಕಲಬುರಗಿ ಸೀಮೆಯ ಮಾಡ್ಯಾಳದಿಂದ ಜಂಗಮರು ಬರುವರು. ಕಲ್ಯಾಣದ ಅನುಭವಮಂಟಪದಲ್ಲಿ ಶೂನ್ಯಪೀಠವನ್ನೇರಿದ ಅಲ್ಲಮನ ಹೆಸರಿನಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಒಂದೇ ಗುಮ್ಮಟದ ಕೆಳಗೆ ತಲೆಬಾಗುವ ಈ ಸ್ಥಳದ ಚಿತ್ರಗಳು ಯಾರೊಬ್ಬರ ಸೊತ್ತೂ ಅಲ್ಲ, ನಾಡಿನ ಸೊತ್ತು. ಅವು ಮಾಸಿದರೆ ಇಬ್ಬರಿಗೂ ನಷ್ಟ.

ಹಾಗಾದರೆ ಮಾಸಿದ ಕಡೆ ಹೊಸ ಬಣ್ಣವನ್ನು ತುಂಬಿಸಿಬಿಡೋಣವೆ? ಈ ಅವಸರಕ್ಕೆ ಅಜಂತೆಯ ಇತಿಹಾಸವೇ ಉತ್ತರ ಹೇಳುವುದು. ಅಂದು ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದ ಅಜಂತೆಯ ಚಿತ್ರಗಳು ಉದುರುತ್ತಿರುವುದನ್ನು ಕಂಡು, ನಿಜಾಮ ಸರಕಾರವು 1920ರಿಂದ 1922ರ ಅವಧಿಯಲ್ಲಿ ಇಟಲಿಯಿಂದ ತಜ್ಞರನ್ನು ಕರೆಯಿಸಿತು. ಅವರು ಸಡಿಲಾದ ಗಚ್ಚನ್ನು ನಿಲ್ಲಿಸಿ ದೊಡ್ಡ ಉಪಕಾರವನ್ನೇ ಮಾಡಿದರು. ಆದರೆ ಬಣ್ಣವನ್ನು ಹಿಡಿದಿಡಲೆಂದು ಬಳಿದ ಅರಗಿನ ಲೇಪವು ಕಾಲಕ್ರಮದಲ್ಲಿ ಹಳದಿಗಟ್ಟಿ, ಧೂಳನ್ನು ಹಿಡಿದು, ಚಿತ್ರಗಳಿಗೆ ಮುಸುಕಾಯಿತು. ಅವರಿಗಿಂತ ಮೊದಲು ಪ್ರತಿಗಳನ್ನು ಬರೆಯಬಂದವರು ಹಚ್ಚಿದ ವಾರ್ನಿಶಿನ ಗತಿಯೂ ಅದೇ. ಈ ಲೇಪಗಳನ್ನು ಅಂಗುಲ ಅಂಗುಲವಾಗಿ ತೆಗೆಯುವುದರಲ್ಲಿ ಭಾರತದ ಪುರಾತತ್ತ್ವ ಇಲಾಖೆಯವರು ಹಲವು ದಶಕ ಶ್ರಮಪಡಬೇಕಾಯಿತು. ತಮ್ಮ ಕಾಲದ ಉತ್ತಮ ತಜ್ಞರ ಔಷಧವೇ ಹೀಗಾದ ಮೇಲೆ, ಅಂಗಡಿಯ ಡಬ್ಬಿಯಿಂದ ಬಂದ ಎನಾಮಲ್ ಬಣ್ಣದ ಗತಿಯೇನು? ಸ್ಪೇನ್ ದೇಶದ ಬೋರ್ಹಾ ಎಂಬ ಊರಿನ ಚರ್ಚಿನಲ್ಲಿ 2012ರಲ್ಲಿ ಭಕ್ತೆಯೊಬ್ಬಳು ಕ್ರಿಸ್ತನ ಭಿತ್ತಿಚಿತ್ರವೊಂದನ್ನು ಸದುದ್ದೇಶದಿಂದಲೇ ತಿದ್ದಹೋಗಿ, ಆ ಮುಖವು ಜಗತ್ತಿನ ನಗೆಗೆ ಗುರಿಯಾಯಿತು. ನಮ್ಮ ಊರುಗಳಲ್ಲಿ ಅಂಥ ಮುಖಗಳು ಎಷ್ಟಿಲ್ಲ! ನಾವು ನಗುವುದಿಲ್ಲ, ಕೈಮುಗಿದು ಹೋಗುವೆವು, ಭೇದವಿಷ್ಟೇ.

ಈ ಅನುಭವಗಳಿಂದ ಲೋಕವು ಕಲಿತ ಪಾಠಗಳು ಎರಡು. ಹಾಕಿದ ಔಷಧವನ್ನು ಮುಂದೆ ಚಿತ್ರಕ್ಕೆ ಕೇಡಾಗದಂತೆ ತೆಗೆಯಲು ಸಾಧ್ಯವಿರಬೇಕೆಂಬುದು ಮೊದಲನೆಯದು. ಇಂದಿನವರ ಕೈಯಾವುದು, ಹಿಂದಿನವರ ಕೈಯಾವುದು ಎಂಬುದು ಮರೆಯಾಗಬಾರದೆಂಬುದು ಎರಡನೆಯದು. 1939ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ಸಂಸ್ಥೆಯಲ್ಲಿ ಚೆಸಾರೆ ಬ್ರಾಂದಿಯವರು ಚಿತ್ರದ ಖಾಲಿ ಭಾಗಗಳನ್ನು ಸಣ್ಣ ಸಣ್ಣ ಗೆರೆಗಳಿಂದ ತುಂಬುವ ಕ್ರಮವನ್ನು ರೂಢಿಗೆ ತಂದರು. ದೂರದಿಂದ ನೋಡಿದರೆ ಚಿತ್ರವು ಅಖಂಡವಾಗಿ ತೋರುವುದು. ಹತ್ತಿರ ಹೋದರೆ ಗೆರೆಗಳು ಕಂಡು, ಇದು ದುರಸ್ತಿಯೆಂಬುದು ತಿಳಿಯುವುದು. ಹಳೆಯ ಕಾಗದಪತ್ರದಲ್ಲಿ ಅಳಿಸಿಹೋದ ಸಾಲನ್ನು ಮನಬಂದಂತೆ ಬರೆದು ಸೇರಿಸಿದರೆ ನ್ಯಾಯಸ್ಥಾನವು ಅದನ್ನು ಸುಳ್ಳು ದಸ್ತೈವಜೆಂದು ತಳ್ಳಿಹಾಕುವುದು. ಚಿತ್ರಕ್ಕೂ ಇದೇ ನ್ಯಾಯವು ಸಲ್ಲಬೇಕು.

ಹುಮನಾಬಾದಿನ ಸಮೀಪದ ಜಲಸಂಗಿಯ ಗುಡಿಯಲ್ಲಿ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನ ಕೀರ್ತಿಯನ್ನು ಕಲ್ಲಿನ ಮೇಲೆ ಬರೆಯುತ್ತ ನಿಂತಿರುವಳು. ಅವಳು ಬರೆದ ಅಕ್ಷರಗಳನ್ನು ಇಂದಿಗೂ ಓದಬಹುದು. ಯಾವನೋ ಒಬ್ಬ ಉತ್ಸಾಹಿಯು ಆ ಕಲ್ಲಿಗೆ ನಾಲ್ಕು ಸಲ ಬಣ್ಣ ಬಳಿದಿದ್ದರೆ ಆ ಬಾಲಿಕೆಯು ಉಳಿಯುತ್ತಿದ್ದಳು, ಅವಳ ಬರಹವು ಮಾತ್ರ ಉಳಿಯುತ್ತಿರಲಿಲ್ಲ.

ಇಲ್ಲಿ ಭಕ್ತರದೊಂದು ಆಕ್ಷೇಪಣೆಯುಂಟು. ಗುಡಿಯೆಂದರೆ ವಸ್ತುಸಂಗ್ರಹಾಲಯವಲ್ಲ, ಹುಮನಾಬಾದಿನ ವೀರಭದ್ರೇಶ್ವರನ ಗುಡಿಯಂತೆ, ಜಾತ್ರೆಯು ಸಾಗಿಬಂದಿರುವ ಸ್ಥಳದಲ್ಲಿ ದೇವರು ಮಾಸಿದ ಮನೆಯಲ್ಲಿರಬೇಕೆ ಎಂದು ಅವರು ಕೇಳುವರು. ಪ್ರಶ್ನೆಯು ನ್ಯಾಯವಾದುದೇ. ಜೀವಂತವಾದ ಗುಡಿಯನ್ನು ನಿರ್ಜೀವ ಮಾಡಿರೆಂದು ನಾವು ಹೇಳುವುದಿಲ್ಲ. ಹೊಸ ಗೋಡೆಗೆ ಹೊಸ ಬಣ್ಣವನ್ನು ಧಾರಾಳವಾಗಿ ಹಚ್ಚಲಿ. ಹೊಸ ಚಿತ್ರಗಾರರಿಂದ ಹೊಸ ಚಿತ್ರಗಳನ್ನು ಬರೆಯಿಸಲಿ. ಅದೂ ಕಲೆಗೆ ಪೋಷಣೆಯೇ. ಹಿಂದಿನವನು ಭಕ್ತಿಯಿಂದ ಬರೆದ ಚಿತ್ರದ ಮೇಲೆ ಇಂದಿನವನ ಭಕ್ತಿಯು ಸವಾರಿ ಮಾಡದಿರಲೆಂದಷ್ಟೇ ನಮ್ಮ ಮಾತು. ಅಧಿಕಾರಿಗಳ ಆಕ್ಷೇಪಣೆಯು ಬೇರೆ: ರಸ್ತೆಗೂ ಕುಡಿಯುವ ನೀರಿಗೂ ಹಣ ಸಾಲದಿರುವಾಗ ಗೋಡೆಯ ಚಿತ್ರಗಳಿಗೆ ಹಣವೆಲ್ಲಿಯದು? ಬಣ್ಣ ಬಳಿಯದೆ ಸುಮ್ಮನಿರುವುದಕ್ಕೆ ಒಂದು ಕಾಸೂ ಬೇಡ. ಮಾಳಿಗೆಯ ಸೋರಿಕೆಯನ್ನು ಗಚ್ಚಿನಿಂದ ಮುಚ್ಚುವುದಕ್ಕೂ ಬೊಕ್ಕಸವೇನೂ ಬರಿದಾಗಲಾರದು.

ಹಣದ ಮಾತು ಬಂದುದರಿಂದ ಇದನ್ನೂ ಹೇಳಿಬಿಡುವೆವು. ಬಸವಕಲ್ಯಾಣದಲ್ಲಿ ಹೊಸ ಅನುಭವಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಇಡಲಾಯಿತು. ಅಂದಿನ ಅಂದಾಜು ವೆಚ್ಚವು 500 ಕೋಟಿ ರೂಪಾಯಿಯಾಗಿತ್ತು. ಶರಣರ ಹೆಸರಿನ ಈ ಕಾರ್ಯವು ಕನ್ನಡಿಗರೆಲ್ಲರಿಗೂ ಅಭಿಮಾನಾಸ್ಪದವಾದುದು. 2019ರಲ್ಲಿ ಈ ಸೀಮೆಗೆಲ್ಲ ಕಲ್ಯಾಣ ಕರ್ನಾಟಕವೆಂಬ ನಾಮಕರಣವೂ ಆಯಿತು. ಹೆಸರನ್ನು ಕೊಟ್ಟ ಊರಿನ ಹಳೆಯ ಗೋಡೆಗಳಿಗೆ ಹೊಸ ಕಟ್ಟಡದ ವೆಚ್ಚದ ನೂರರಲ್ಲೊಂದು ಪಾಲನ್ನಾದರೂ ಮೀಸಲಿಡುವುದು ಅಸಾಧ್ಯವೆ?

ನಮ್ಮ ಬಿನ್ನಹವು ನಾಲ್ಕು ಬಗೆಯದು. ಮೊದಲನೆಯದಾಗಿ, ಎರಡೂ ತಾಲೂಕುಗಳ ಗುಡಿ, ಮಠ, ಬಸದಿ, ದರ್ಗಾಗಳಲ್ಲಿ ಬಣ್ಣದ ಕುರುಹಿರುವ ಪ್ರತಿಯೊಂದು ಗೋಡೆಯನ್ನೂ ಛಾಯಾಚಿತ್ರಸಹಿತವಾಗಿ ದಾಖಲೆ ಮಾಡಿಸಬೇಕು. 1958ರ ಕೇಂದ್ರದ ಕಾಯಿದೆಯೂ 1961ರ ರಾಜ್ಯದ ಕಾಯಿದೆಯೂ ಸಂರಕ್ಷಿತವೆಂದು ಸಾರಿದ ಸ್ಮಾರಕಗಳಿಗೆ ಮಾತ್ರ ಕಾವಲು. ಹಳ್ಳಿಯ ಗುಡಿಗೆ ಈ ದಾಖಲೆಯೇ ಕಾವಲಾಗಬೇಕು. ಎರಡನೆಯದಾಗಿ, ನೂರು ವರ್ಷಕ್ಕೆ ಮಿಕ್ಕಿದ ಕಟ್ಟಡದ ಒಳಗೋಡೆಗೆ ಬಣ್ಣ ಬಳಿಯುವುದಕ್ಕೆ ಮುಂಚೆ ತಿಳಿದವರಿಂದ ತಪಾಸಣೆಯಾಗತಕ್ಕದ್ದೆಂದು ಮುಜರಾಯಿ ಇಲಾಖೆಯವರೂ ವಕ್ಫ್ ಮಂಡಳಿಯವರೂ ಸುತ್ತೋಲೆಯನ್ನು ಹೊರಡಿಸಬೇಕು. ಮೂರನೆಯದಾಗಿ, ಮೈಸೂರಿನಲ್ಲಿರುವ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆಗೂ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರಕ್ಕೂ ಈ ಸೀಮೆಯ ತರುಣರನ್ನು ಶಿಷ್ಯವೇತನ ಕೊಟ್ಟು ಕಳುಹಬೇಕು. ನಾಲ್ಕನೆಯದಾಗಿ, ಪಾಠಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ಅಷ್ಟೂರಿಗೂ ಜಲಸಂಗಿಗೂ ಕರೆದೊಯ್ದು, ನೋಡುವುದನ್ನು ಕಲಿಸಬೇಕು. ನೋಡಿ ಅರಿಯದವನಿಗೆ ಕಾಯುವ ಚಿಂತೆಯು ಹುಟ್ಟಲಾರದು.

ಪರರ ಆಳಿಕೆಯಲ್ಲಿದ್ದಾಗ ನಮ್ಮ ಕಲೆಯ ನಾಶಕ್ಕೆ ಪರರನ್ನು ಹೊಣೆಮಾಡುವುದು ಸುಲಭವಾಗಿತ್ತು. ಈಗ ರಾಜ್ಯವೂ ನಮ್ಮದು, ಗೋಡೆಯೂ ನಮ್ಮದು, ಕುಂಚವನ್ನು ಹಿಡಿದ ಕೈಯೂ ನಮ್ಮದೇ. ಮುಂದಿನ ಜಾತ್ರೆಗೆ ಗುಡಿಯನ್ನು ಸಿಂಗರಿಸುವ ಆಲೋಚನೆಯಲ್ಲಿರುವ ಧರ್ಮದರ್ಶಿಗಳೂ ಪಂಚರೂ, ಉರುಸಿನ ಸಿದ್ಧತೆಯಲ್ಲಿರುವ ಮುತವಲ್ಲಿಗಳೂ ಬಣ್ಣದ ಡಬ್ಬಿಯನ್ನು ಕೊಳ್ಳುವ ಮೊದಲು ಒಂದು ದೀಪವನ್ನು ಹಿಡಿದು ತಮ್ಮ ಹಳೆಯ ಗೋಡೆಯನ್ನು ನಿಧಾನವಾಗಿ ನೋಡಲಿ, ಅದರ ಮೇಲೆ ಏನಿದೆಯೆಂಬುದನ್ನು ತಿಳಿದವರಿಂದ ಕೇಳಲಿ ಎಂದು ನಾವು ವಿನಯಪೂರ್ವಕವಾಗಿ ಪ್ರಾರ್ಥಿಸುವೆವು.