ಮನೆಗಂದಾಯದ ಮೂರು ಪೈಸೆ

ಮನೆಗಂದಾಯ ಕಟ್ಟುವ ಏಪ್ರಿಲ್ ತಿಂಗಳು ಸಮೀಪಿಸಿತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಸದ್ಭಕ್ತರ ಬಾಯಲ್ಲಿ ಒಂದೇ ಮಾತು: "ಪಂಡಿತರೇ, ಮಠದ ದಾಸೋಹಕ್ಕೆ ನಮ್ಮ ಕೈಲಾದುದನ್ನು ಒಪ್ಪಿಸುತ್ತಲೇ ಇದ್ದೇವೆ. ಅದರ ಮೇಲೆ ಸರ್ಕಾರಕ್ಕೂ ಇಷ್ಟೊಂದು ಏಕೆ ತೆರಬೇಕು? ಕೊಟ್ಟದ್ದು ಯಾರ ಪಾಲಾಗುತ್ತದೆಯೋ ಬಲ್ಲವರಾರು?" ಈ ಪ್ರಶ್ನೆಯ ಮೊದಲ ಭಾಗವನ್ನು ನಾವು ಒಪ್ಪಲಾರೆವು. ಎರಡನೆಯ ಭಾಗವನ್ನು ಮಾತ್ರ ಸದ್ಭಕ್ತರು ಇನ್ನೂ ಗಟ್ಟಿಯಾಗಿ ಕೇಳಬೇಕೆಂಬುದು ನಮ್ಮ ಅಭಿಮತ.

ದಾಸೋಹವು ನೀಡುವವರ ಭಕ್ತಿಗೆ ಬಿಟ್ಟ ವಿಷಯ. ವ್ಯಾಪಾರ ಕೈಗೂಡಿದ ವರ್ಷ ಎರಡು ಮೂಟೆ ಅಕ್ಕಿ ಬರುತ್ತದೆ. ಮಗಳ ಮದುವೆ ಬಂದ ವರ್ಷ ಅರ್ಧ ಮೂಟೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಸಿದವರ ಹೊಟ್ಟೆಗೆ ಹೆಚ್ಚಿನ ವರ್ಷ, ಕಡಿಮೆಯ ವರ್ಷ ಎಂಬ ಭೇದವಿಲ್ಲವಷ್ಟೆ. ಅಳತೆಗೆ ಒಳಪಟ್ಟ ತೆರಿಗೆ ಅದಕ್ಕಾಗಿಯೇ ಬೇಕು. ಆ ಅಳತೆಯೂ ನ್ಯಾಯವಾದುದಾಗಿರಬೇಕು. ಚಹಾಪುಡಿಯ ಪೊಟ್ಟಣಕ್ಕೆ ನೂರಕ್ಕೆ ಐದರಂತೆ ಜಿ.ಎಸ್.ಟಿ. ಇದೆ, ಕೊಳ್ಳುವವನು ಕಾರ್ಖಾನೆಯ ಒಡೆಯನಾದರೂ ಅಷ್ಟೇ, ಅಲ್ಲಿ ಕಸಗುಡಿಸುವವಳಾದರೂ ಅಷ್ಟೇ. ಮನೆಗಂದಾಯದ ರೀತಿ ಬೇರೆ. ಬೆಂಗಳೂರಿನಲ್ಲಿ 2000ದಿಂದ ಮನೆಯ ಒಡೆಯರೇ ತೆರಿಗೆಯನ್ನು ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂದಿತು. 2008ರಿಂದ ನಗರವನ್ನು ಆಸ್ತಿಯ ಬೆಲೆಗೆ ತಕ್ಕಂತೆ ಆರು ವಲಯಗಳಾಗಿ ವಿಂಗಡಿಸಿ ಚದರಡಿಗೆ ಇಷ್ಟೆಂದು ದರ ಗೊತ್ತುಮಾಡಲಾಯಿತು. ಬೆಲೆಬಾಳುವ ಬೀದಿಯ ದೊಡ್ಡ ಮನೆಗೆ ಹೆಚ್ಚು, ಕೆಂಗೇರಿಯಾಚೆಯ ಸಣ್ಣ ಮನೆಗೆ ಕಡಿಮೆ. (ಬಾಡಿಗೆಗೆ ಕೊಟ್ಟ ಮನೆಗೆ ವಿಧಿಸಿದ ಹೆಚ್ಚಿನ ದರವನ್ನು ಬಾಡಿಗೆದಾರನ ತಲೆಗೇ ಕಟ್ಟುವ ಜಾಣರೂ ಇದ್ದಾರೆ, ಆ ಮಾತು ಇನ್ನೊಮ್ಮೆ.) 2025ರ ಏಪ್ರಿಲಿನಿಂದ ಇದರೊಡನೆ ಸೇರಿದ ಕಸದ ಶುಲ್ಕವೂ ಹಾಗೆಯೇ: 600 ಚದರಡಿಯೊಳಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4000 ಚದರಡಿ ಮೀರಿದ ಮನೆಗೆ 400 ರೂಪಾಯಿ. ಇದ್ದವರು ಇದ್ದಂತೆ ತೆರಲಿ ಎಂಬ ಈ ಕ್ರಮ ನಮಗೆ ಸರಿಯೆಂದೇ ತೋರುತ್ತದೆ.

ಇನ್ನು ರಸೀದಿಯತ್ತ ನೋಡೋಣ. ತೆರಿಗೆಯ ಮೇಲೆ ರೂಪಾಯಿಗೆ 24 ಪೈಸೆಯಂತೆ ಉಪಕರವುಂಟು. ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಉಳಿದ 3 ಪೈಸೆ ಭಿಕ್ಷುಕರ ಹೆಸರಿನಲ್ಲಿ. 10,000 ರೂಪಾಯಿ ತೆರಿಗೆ ಕಟ್ಟುವ ಸಂಸಾರವೊಂದು ವರ್ಷಕ್ಕೆ 300 ರೂಪಾಯಿಯನ್ನು, ತನಗೆ ಅರಿವಿದ್ದೋ ಇಲ್ಲದೆಯೋ, ಗತಿಯಿಲ್ಲದವರಿಗಾಗಿ ತೆಗೆದಿರಿಸುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯು ಬೇಡುವುದನ್ನು ಅಪರಾಧವೆಂದು ಎಣಿಸಿ, ಬೇಡುವವರನ್ನು ಪರಿಹಾರ ಕೇಂದ್ರದಲ್ಲಿ ಇರಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಹಾಗೆ ಕರೆತಂದವರಿಗೆ ಅನ್ನ, ಬಟ್ಟೆ, ಔಷಧ ಒದಗಿಸಿ, ಕಸುಬೊಂದನ್ನು ಕಲಿಸಬೇಕೆಂಬುದೂ ಅದರ ಆಶಯ. ಈ ವೆಚ್ಚಕ್ಕಾಗಿಯೇ ಆ ಮೂರು ಪೈಸೆ. ಬೇಡುವ ಕೈಗೆ ಕಾಯಕ ಕಲಿಸುವ ಈ ಸಂಕಲ್ಪವನ್ನು ಶರಣರ ಮಕ್ಕಳು ಹೇಗೆ ತಾನೆ ಅಲ್ಲಗಳೆದಾರು!

ಬೆಂಗಳೂರಿನ ಪರಿಹಾರ ಕೇಂದ್ರವಿರುವುದು ಮಾಗಡಿ ರಸ್ತೆಯ ಸುಮನಹಳ್ಳಿಯ ಬಳಿ. ಬಸವೇಶ್ವರನಗರದವರಿಗೆ ನೆರೆಮನೆಯೆಂದೇ ಹೇಳಬೇಕು. ವರ್ತುಲ ರಸ್ತೆಯ ಬಸ್ಸಿನಲ್ಲಿ ಹೋಗಿಬರುವವರು ಅದರ ಪಕ್ಕದಲ್ಲೇ ಹಾಯುತ್ತಾರೆ. 2010ರ ಆಗಸ್ಟ್ ತಿಂಗಳಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಅಲ್ಲಿಯ ಇಪ್ಪತ್ತಕ್ಕೂ ಹೆಚ್ಚು ನಿವಾಸಿಗಳು ಅಸುನೀಗಿದರು. ವಾಂತಿಭೇದಿಯಿಂದ ನರಳಿ ಆಸ್ಪತ್ರೆ ಸೇರಿದವರು ಇನ್ನೂ ಹಲವರು. ಹಿಡಿಸಲಾರದಷ್ಟು ಜನರನ್ನು ತುಂಬಲಾಗಿತ್ತು, ಶುಚಿಯಿರಲಿಲ್ಲ, ಆರೈಕೆ ಸಾಲದಾಗಿತ್ತು ಎಂಬುದು ಆಗ ನಾಡಿಗೆಲ್ಲ ತಿಳಿಯಿತು. ಸತ್ತವರಲ್ಲಿ ಅನೇಕರಿಗೆ ಹೆಣ ಕೇಳಿ ಬರುವ ಬಂಧುಗಳೂ ಇರಲಿಲ್ಲ. ಅವರ ಅನ್ನಕ್ಕೆಂದು ನಾವು ಮನೆಮನೆಯಿಂದ ಹಣ ತೆತ್ತಿದ್ದೆವು ಎಂಬುದನ್ನು ಮರೆಯಬಾರದು.

ಆ ಹಣವೆಲ್ಲ ಅಲ್ಲಿಗೆ ತಲುಪುತ್ತಿತ್ತೆ? ಇಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ನಮ್ಮಿಂದ ವಸೂಲು ಮಾಡಿದ ಭಿಕ್ಷುಕರ ಉಪಕರವನ್ನು ಕೇಂದ್ರ ಪರಿಹಾರ ಸಮಿತಿಗೆ ಪೂರ್ತಿಯಾಗಿ ಒಪ್ಪಿಸದೆ ಕೋಟ್ಯಂತರ ರೂಪಾಯಿ ಬಾಕಿ ಉಳಿಸಿಕೊಂಡಿದ್ದ ಸಂಗತಿ ಹಲವು ಬಾರಿ ವೃತ್ತಪತ್ರಿಕೆಗಳಲ್ಲಿ ಪ್ರಕಟವಾಗಿದೆ. ಗ್ರಂಥಾಲಯದ ಉಪಕರದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಮಠದ ಕೋಠಿಯಲ್ಲಿ ದಾಸೋಹಕ್ಕೆಂದು ಬಂದ ಅಕ್ಕಿಯನ್ನು ಬೇರೆ ಕೆಲಸಕ್ಕೆ ತಿರುಗಿಸಿದರೆ ಭಕ್ತರು ಸುಮ್ಮನಿರುವರೆ? ಅಲ್ಲಿ ಲೆಕ್ಕ ಕೇಳುವವರು ಇಲ್ಲಿ ಏಕೆ ಬಾಯಿ ಮುಚ್ಚಿಕೊಳ್ಳಬೇಕು? ತೆರಿಗೆಯನ್ನು ಹಳಿಯುತ್ತ ಕುಳಿತವರಿಗೆ ಲೆಕ್ಕ ಕೇಳುವ ಬಲ ಬರುವುದಿಲ್ಲ. ನಾಲ್ಕಂತಸ್ತಿನ ಮನೆ ಕಟ್ಟಿ ರಸೀದಿಯಲ್ಲಿ ಎರಡೇ ಅಂತಸ್ತು ಬರೆದವರಿಗಂತೂ ಮೊದಲೇ ಬಾರದು.

2025ರ ಸೆಪ್ಟೆಂಬರಿನಲ್ಲಿ ಹಳೆಯ ಪಾಲಿಕೆ ಹೋಗಿ ಐದು ನಗರ ಪಾಲಿಕೆಗಳು ಬಂದವು. ಹಳೆಯ ಬಾಕಿಯನ್ನು ಐವರೂ ಒಬ್ಬರ ಮೇಲೊಬ್ಬರು ಹಾಕದಂತೆ ನೋಡಿಕೊಳ್ಳಲು ಈಗಲೇ ತಕ್ಕ ಸಮಯ. ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಅರ್ಜಿ ಬರೆದು, ತಮ್ಮ ಪಾಲಿಕೆ ಕಳೆದ ಸಾಲಿನಲ್ಲಿ ಭಿಕ್ಷುಕರ ಉಪಕರವೆಂದು ವಸೂಲು ಮಾಡಿದ ಮೊತ್ತವೆಷ್ಟು, ಸಮಿತಿಗೆ ಒಪ್ಪಿಸಿದ್ದೆಷ್ಟು, ಯಾವ ದಿನ ಒಪ್ಪಿಸಿತು ಎಂದು ಕೇಳಬಹುದು. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಉತ್ತರಕ್ಕೆ ಮೂವತ್ತು ದಿನಗಳ ಗಡುವು. ಬಡಾವಣೆಗೊಬ್ಬರಾದರೂ ಹೀಗೆ ಬರೆದು, ಬಂದ ಉತ್ತರವನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ಈ ಅಂಕಣದಲ್ಲಿಯೇ ಪ್ರಕಟಿಸುತ್ತೇವೆ.