ಮಾತಿಗೊಂದು ಊರು ಬೇಕು

ನಾನು ಚಲನಚಿತ್ರ ವಿಮರ್ಶಕನಲ್ಲ. ಛಾಯಾಗ್ರಹಣ, ಸಂಕಲನ ಮುಂತಾದವುಗಳ ಬಗ್ಗೆ ಅಧಿಕಾರದಿಂದ ಮಾತನಾಡುವ ಯೋಗ್ಯತೆ ನನಗಿಲ್ಲ. ಐವತ್ತು ವರ್ಷಗಳಿಗೂ ಮಿಕ್ಕಿ ಮುಂಬಯಿಯಲ್ಲಿ ನೆಲೆಸಿ, ಕೈಗೆ ಸಿಕ್ಕ ಕನ್ನಡ ಚಿತ್ರಗಳನ್ನೆಲ್ಲ ಹಸಿದವನು ಉಂಡಂತೆ ನೋಡಿದ ಪ್ರೇಕ್ಷಕ ಎಂಬುದಷ್ಟೇ ನನ್ನ ಅರ್ಹತೆ. ಆ ಬಲದಿಂದಲೇ ನನ್ನ ಮೆಚ್ಚುಗೆ ಮತ್ತು ನಿರಾಸೆಗಳ ಲೆಕ್ಕವನ್ನು ಓದುಗರ ಮುಂದಿಡುತ್ತಿದ್ದೇನೆ. ಒಪ್ಪದವರು ಸಂಪಾದಕರಿಗೆ ಧಾರಾಳವಾಗಿ ಪತ್ರ ಬರೆಯಬಹುದು.

ಕನ್ನಡ ಚಿತ್ರವೆಂದರೆ ಆಗ ನಮಗೆ ಅಪರೂಪದ ಅತಿಥಿ. ಕುಂದಾಪುರದ ಕಡೆಯ ಹಳ್ಳಿಯಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದುತ್ತಿದ್ದ ಹುಡುಗ ನಾನು. ಸಂಘದವರು ಶಾಲೆಯ ಸಭಾಂಗಣದಲ್ಲಿ ಬಿಳಿ ಪರದೆ ಕಟ್ಟಿ 'ಬಂಗಾರದ ಮನುಷ್ಯ' (1972) ತೋರಿಸಿದ ದಿನ ಎರಡನೆಯ ಸುರುಳಿಯ ಪೆಟ್ಟಿಗೆ ಬರುವುದು ತಡವಾಯಿತು. ಒಂದೂವರೆ ಗಂಟೆ ಕಾದೆವು. ಒಬ್ಬರೂ ಎದ್ದು ಹೋಗಲಿಲ್ಲ. ಪಕ್ಕದಲ್ಲಿದ್ದ ಗಿರಣಿ ಕಾರ್ಮಿಕರೊಬ್ಬರು, "ಕನ್ನಡ ಕೇಳಿದರೆ ಸಾಕು ತಮ್ಮಾ, ಚಿತ್ರ ಹೇಗಿದ್ದರೇನು?" ಎಂದಿದ್ದರು. 1980ರ ದಶಕದಲ್ಲಿ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳು ಬರತೊಡಗಿದವು. ಕನ್ನಡದ ಸರದಿ ಬಂದ ವಾರ ನಮ್ಮ ಚಾಳಿನಲ್ಲಿ ಟಿ.ವಿ. ಇದ್ದ ಮನೆಯ ಹೊಸ್ತಿಲು ದಾಟಲು ಜಾಗವಿರುತ್ತಿರಲಿಲ್ಲ.

ಹೀಗೆ ನೋಡಿದ ಚಿತ್ರಗಳಲ್ಲಿ ಮನಸ್ಸಿನಲ್ಲಿ ಉಳಿದವು ಯಾವುವು? ಬಿ.ವಿ. ಕಾರಂತರ 'ಚೋಮನ ದುಡಿ' (1975)ಯನ್ನು ಮೊದಲು ಹೇಳುತ್ತೇನೆ. ಒಂದು ತುಂಡು ನೆಲದಲ್ಲಿ ತಾನೂ ಬೇಸಾಯ ಮಾಡಬೇಕೆಂಬ ಚೋಮನ ಆಸೆಯನ್ನು ವಾಸುದೇವ ರಾವ್ ಅವರು ಮಾತಿಗಿಂತ ಹೆಚ್ಚಾಗಿ ದುಡಿಯ ಬಡಿತದಲ್ಲಿ ಕೇಳಿಸಿದರು. ಆ ಬಡಿತಕ್ಕೆ ನನ್ನ ಕರಾವಳಿಯ ಮಣ್ಣಿನ ವಾಸನೆಯಿತ್ತು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977)ದಲ್ಲಿ ಒಬ್ಬ ಪುಟ್ಟ ವಟುವಿನ ಕಣ್ಣಿನಿಂದ ವಿಧವೆ ಯಮುನೆಯ ದುರಂತವನ್ನು ಕಂಡ ಮೇಲೆ ನಾನು ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಗೊರೂರರ ಕಥೆಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ 'ಭೂತಯ್ಯನ ಮಗ ಅಯ್ಯು' (1974) ಜನಪ್ರಿಯ ಚಿತ್ರವೇ ಹೌದು. ಆದರೆ ಹಳ್ಳಿಯ ಹಗೆ ಕೋರ್ಟಿನ ಮೆಟ್ಟಿಲೇರಿದಾಗ ಮನೆಗಳು ಹೇಗೆ ಬರಿದಾಗುತ್ತವೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ. ಈಚಿನವುಗಳಲ್ಲಿ ರಾಮ್ ರೆಡ್ಡಿಯವರ 'ತಿಥಿ'. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಮರುವರ್ಷ ತೆರೆಕಂಡ ಈ ಚಿತ್ರದಲ್ಲಿ ಅಭಿನಯಿಸಿದವರು ಮಂಡ್ಯ ಸೀಮೆಯ ಹಳ್ಳಿಗರು. ಅವರ ಮಾತಿನಲ್ಲಿ ಕಾಲುಭಾಗ ನನಗೆ ಮೊದಲ ಸಲ ತಿಳಿಯಲೇ ಇಲ್ಲ. ಆದರೂ ಎದ್ದು ಬರಲು ಮನಸ್ಸಾಗಲಿಲ್ಲ.

ಇವೆಲ್ಲ ಬೇರೆ ಬೇರೆ ಜಾತಿಯ ಚಿತ್ರಗಳು. ಇವುಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು ಏನೆಂದು ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟೆ: ಇವುಗಳಲ್ಲಿನ ಮಾತಿಗೆ ಒಂದು ಊರಿದೆ. ಆ ಊರು ನನ್ನದೇ ಆಗಬೇಕೆಂದಿಲ್ಲ. ಆದರೆ ಭೂಮಿಯ ಮೇಲೆ ಅದು ಎಲ್ಲೋ ಇರಬೇಕು.

ಈ ಅಳತೆಗೋಲಿನಿಂದಲೇ ನನ್ನ ನಿರಾಸೆಗಳನ್ನೂ ಹೇಳಬೇಕು. ಶಂಕರ್ ನಾಗ್ ಅವರ ನಿರ್ದೇಶನ, ರಾಜ್‌ಕುಮಾರ್ ಅವರ ಅಭಿನಯ, ಸ್ಟೈನ್‌ಬೆಕ್ಕನ ಕಥೆ ಎಂದ ಮೇಲೆ 'ಒಂದು ಮುತ್ತಿನ ಕಥೆ' (1987)ಯ ಮೇಲೆ ನಾನು ಎಷ್ಟು ನಿರೀಕ್ಷೆ ಇಟ್ಟಿದ್ದೆನೆಂದು ಹೇಳಲಾರೆ. ಇಬ್ಬರನ್ನೂ ಇಂದಿಗೂ ಗೌರವಿಸುತ್ತೇನೆ. ಆದರೆ ಕಡಲ ಮಕ್ಕಳ ನಡುವೆ ಬೆಳೆದ ನನಗೆ ಆ ಕಡಲಿಗರ ಮಾತು ನಾನು ಬಲ್ಲ ಯಾವ ತೀರದ್ದಾಗಿಯೂ ಕೇಳಲಿಲ್ಲ. ಮುತ್ತು ಸಿಕ್ಕಿತು, ಕಡಲು ಸಿಗಲಿಲ್ಲ.

ಎರಡನೆಯದು 'ಕೆ.ಜಿ.ಎಫ್.' ಇದನ್ನು ಹೇಳಿದರೆ ತರುಣರು ನನ್ನ ಮೇಲೆ ಮುನಿಯುತ್ತಾರೆಂದು ಬಲ್ಲೆ. 2018ರಲ್ಲಿ ಮೊದಲ ಭಾಗವೂ 2022ರಲ್ಲಿ ಎರಡನೆಯ ಭಾಗವೂ ಬಂದಾಗ, ಕನ್ನಡದವರೆಂದರೆ ಮೂಗು ಮುರಿಯುತ್ತಿದ್ದ ನಮ್ಮ ಕಟ್ಟಡದ ಹುಡುಗರು ಯಶ್ ಅವರ ಹೆಸರನ್ನು ಜಪಿಸಿದರು. ನನಗೂ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೋಲಾರದ ನಿಜವಾದ ಚಿನ್ನದ ಗಣಿಗಳಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು, 2001ರಲ್ಲಿ ಗಣಿ ಮುಚ್ಚಿದಾಗ ಕೆಲಸವಿಲ್ಲದೆ ಉಳಿದವರು, ಅವರ ತಮಿಳು, ತೆಲುಗು, ಕನ್ನಡ ಬೆರೆತ ಬದುಕು ಆ ಚಿತ್ರದಲ್ಲಿ ಎಲ್ಲಿದೆ? ಬರಿಗೈಯಲ್ಲಿ ಮುಂಬಯಿಗೆ ಬಂದ ಹುಡುಗನ ಕಥೆಯೂ ಅದರಲ್ಲಿದೆ. ಹಾಗೆ ಬಂದ ಸಾವಿರಾರು ಹುಡುಗರನ್ನು ನಾನು ಬಲ್ಲೆ. ಅವರು ಕೈಗೆತ್ತಿಕೊಂಡದ್ದು ಪಿಸ್ತೂಲನ್ನಲ್ಲ. ಮೇಜು ಒರೆಸುವ ಬಟ್ಟೆಯನ್ನು, ರಾತ್ರಿ ಪಾಠಪುಸ್ತಕವನ್ನು. ಆ ಕಥೆಯನ್ನು ಹೇಳುವ ದೊಡ್ಡ ಚಿತ್ರಕ್ಕಾಗಿ ನಾನು ಇಂದಿಗೂ ಕಾಯುತ್ತಿದ್ದೇನೆ.

ಈಗ ನನ್ನನ್ನು ಹೆಚ್ಚು ಕಾಡುವ ಸಂಗತಿಗೆ ಬರುತ್ತೇನೆ. 2022ರ ಸೆಪ್ಟೆಂಬರ್ 30ರಂದು ರಿಷಬ್ ಶೆಟ್ಟಿಯವರ 'ಕಾಂತಾರ' ಬಿಡುಗಡೆಯಾಯಿತು. ಮೊದಲ ವಾರವೇ ಹುಡುಕಿಕೊಂಡು ಹೋಗಿ, ದೂರದ ಉಪನಗರದ ಒಂದೇ ಒಂದು ಆಟದಲ್ಲಿ ಅದನ್ನು ಕನ್ನಡದಲ್ಲಿ ನೋಡಿದೆ. ಶಿವನ ತಾಯಿ ಮಗನನ್ನು ಬೈಯುವಾಗ ನನ್ನ ಅಮ್ಮನೇ ಅಡುಗೆಮನೆಯಿಂದ ಗದರಿದಂತಾಯಿತು. ಅಮ್ಮ ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು. ಕತ್ತಲಲ್ಲಿ ಕುಳಿತು ನಕ್ಕೆ, ಕಣ್ಣನ್ನೂ ಒರೆಸಿಕೊಂಡೆ.

ಅಕ್ಟೋಬರ್ 14ರಂದು ಅದೇ ಚಿತ್ರ ಹಿಂದಿಯಲ್ಲಿ ಬಂತು. ಮನೆಯ ಹತ್ತಿರದ ಚಿತ್ರಮಂದಿರದಲ್ಲೇ ದಿನಕ್ಕೆ ಹಲವು ಆಟ. ಮೊಮ್ಮಗಳು ಗೆಳತಿಯರೊಡನೆ ನೋಡಿ ಬಂದು, "ಅಜ್ಜಾ, ತುಂಬಾ ಚೆನ್ನಾಗಿತ್ತು! ನಿಮ್ಮ ಊರು ಹಾಗೆಯೇ ಇದೆಯಾ?" ಎಂದು ಹಿಂದಿಯಲ್ಲಿ ಕೇಳಿದಳು. ತಾಯಿ ಬೈಯುವ ದೃಶ್ಯ ಹೇಗಿತ್ತೆಂದು ನಾನು ವಿಚಾರಿಸಿದೆ. ಅಂಥದ್ದೇನೂ ಅವಳಿಗೆ ನೆನಪಿರಲಿಲ್ಲ. ಕಾಡು, ಕಂಬಳ, ಕೋಲ ಎಲ್ಲವೂ ಅವಳಿಗೆ ತಲುಪಿದ್ದವು. ನನ್ನ ಅಮ್ಮನ ದನಿ ಮಾತ್ರ ತಲುಪಿರಲಿಲ್ಲ.

ಇಲ್ಲಿ ನಾನು ನನ್ನನ್ನೂ ಪ್ರಶ್ನಿಸಿಕೊಳ್ಳಬೇಕು. ಕರ್ನಾಟಕದಲ್ಲಿ 1960ರ ದಶಕದಿಂದ ಬೇರೂರಿದ ಡಬ್ಬಿಂಗ್ ವಿರೋಧವನ್ನು ನಾನು ಸಭೆಗಳಲ್ಲಿ ಬಲವಾಗಿ ಸಮರ್ಥಿಸಿದವನು. ಪರಭಾಷೆಯ ಚಿತ್ರ ಕನ್ನಡ ಮಾತನಾಡಿದರೆ ನಮ್ಮ ಕಲಾವಿದರ ಅನ್ನಕ್ಕೆ ಕಲ್ಲು ಬೀಳುವುದೆಂದು ವಾದಿಸಿದ್ದೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯ ವಿರುದ್ಧ ಆದೇಶ ನೀಡಿದಾಗ ಬೇಸರಪಟ್ಟಿದ್ದೆ. ಆದರೆ ಕನ್ನಡ ಚಿತ್ರವೇ ಬೇರೆ ಭಾಷೆಯಲ್ಲಿ ಮಾತನಾಡಿ ನಮ್ಮ ಮಕ್ಕಳ ಮುಂದೆ ನಿಲ್ಲುವ ಕಾಲ ಬರುವುದೆಂದು ನಮಗೆ ತೋಚಲೇ ಇಲ್ಲ. ಬಾಗಿಲಿಗೆ ಅಗುಳಿ ಹಾಕಿದ್ದೆವು, ಹಿತ್ತಲನ್ನು ನೋಡಿರಲಿಲ್ಲ.

ಹಿಂದಿಯ ಅವತರಣಿಕೆ ಬೇಡವೆಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಮೊಮ್ಮಗಳು ಆ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ನೆರೆಯ ಮರಾಠಿ ಬಂಧುಗಳು ನಮ್ಮ ಕಥೆಯನ್ನು ಮೆಚ್ಚುವುದು ಸಂತೋಷದ ಮಾತೇ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' (1934) ಚಿತ್ರೀಕರಣಗೊಂಡದ್ದೇ ಕೊಲ್ಹಾಪುರದಲ್ಲಿ. ಕನ್ನಡ ಸಿನಿಮಾ ಮಾತು ಕಲಿತದ್ದು ನಮ್ಮಂತೆ ಹೊರನಾಡಿನಲ್ಲಿ, ಮರಾಠಿ ನೆಲದಲ್ಲಿ. ಹಾಗಿರುವಾಗ ಹೊರನಾಡಿನಲ್ಲೇ ಅದು ಮೂಗಾಗಬೇಕೇ?

ದೋಷವನ್ನು ನಿರ್ಮಾಪಕರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಚಿತ್ರಮಂದಿರದವರು ಕೇಳಿದವರಿಗೆ ಕೊಡುತ್ತಾರೆ. ನಾವು ಕೇಳಿದ್ದೇವೆಯೇ? ಅಂದು ಸುರುಳಿಗಾಗಿ ಒಂದೂವರೆ ಗಂಟೆ ಕಾದವರು ಇಂದು ಕನ್ನಡದ ಆಟಕ್ಕಾಗಿ ಎರಡು ನಿಲ್ದಾಣ ದೂರ ಹೋಗಲು ಸೋಮಾರಿಗಳಾಗಿದ್ದೇವೆ. ಮಕ್ಕಳಿಗೆ ಕನ್ನಡ ಬಾರದೆಂಬ ನೆಪ ಹೇಳಿ ನಾವೇ ಹಿಂದಿಯ ಟಿಕೆಟು ಕೊಳ್ಳುತ್ತೇವೆ. 'ಘಟಶ್ರಾದ್ಧ'ದ ಪುನರುಜ್ಜೀವನಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅಲ್ಲಿಯವರು ಉಪಶೀರ್ಷಿಕೆ ಓದುತ್ತ ಕನ್ನಡ ಕೇಳಬಲ್ಲರಾದರೆ ನಮ್ಮ ಮಕ್ಕಳೇಕೆ ಕೇಳಬಾರದು?

ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ತಿಂಗಳಿಗೊಂದು ಭಾನುವಾರ ಹಳೆಯದೋ ಹೊಸದೋ ಒಂದು ಕನ್ನಡ ಚಿತ್ರವನ್ನು, ಹಕ್ಕುದಾರರ ಅನುಮತಿ ಪಡೆದು, ಕನ್ನಡದಲ್ಲೇ ತೋರಿಸಿ. ಮಕ್ಕಳಿಗೆ ಅರ್ಥವಾಗದ ಮಾತನ್ನು ಪಕ್ಕದಲ್ಲಿ ಕುಳಿತ ಅಜ್ಜ-ಅಜ್ಜಿಯರು ಹೇಳಿಕೊಡಲಿ. ಆ ದೀಪಾವಳಿಯ ರಜೆಯಲ್ಲಿ ನಾನು ಮೊಮ್ಮಗಳನ್ನು ಅದೇ ದೂರದ ಚಿತ್ರಮಂದಿರಕ್ಕೆ ಕರೆದೊಯ್ದು 'ಕಾಂತಾರ'ವನ್ನು ಕನ್ನಡದಲ್ಲಿ ತೋರಿಸಿದೆ. ತಾಯಿ ಬೈಯುವ ದೃಶ್ಯ ಬಂದಾಗ ಅವಳು ನನ್ನತ್ತ ಬಾಗಿ, "ಅಜ್ಜಾ, ಈಗ ಏನಂದರು?" ಎಂದಳು. ನಾನು ಅಮ್ಮನ ದನಿಯಲ್ಲಿಯೇ ಅದನ್ನು ಮತ್ತೊಮ್ಮೆ ಹೇಳಿ ತೋರಿಸಿದೆ. ಅವಳು ನಕ್ಕಳು. ಹಿಂದಿನ ಸಾಲಿನವರು ಸುಮ್ಮನಿರುವಂತೆ ನಮಗೆ ಗದರಿದರು, ಕನ್ನಡದಲ್ಲಿಯೇ.